ಬಿಳಿಯಾಗಿಯೇ ಉಳಿದ ನಡುವೃತ್ತ

ವರ್ನ್ ಟ್ರಾಂಬ್ಲಿ ಮೂವತ್ತೊಂದು ವರ್ಷ ಒಂದೇ ಕೆಲಸ ಮಾಡಿದ: ಸೇಂಟ್ ಲಾರೆನ್ಸ್ ನದಿ ದಂಡೆಯ ಸಣ್ಣ ಕಾಲೇಜೊಂದರಲ್ಲಿ ಹುಡುಗಿಯರ ಐಸ್ ಹಾಕಿ ಅಂಕಣಕ್ಕೆ ಐಸ್ ಕಟ್ಟುವುದು. ಕಾಗದದಷ್ಟು ತೆಳ್ಳಗೆ ನೀರು ಹೊಡೆದು, ಹೆಪ್ಪುಗಟ್ಟಿದ ಮೇಲೆ ಗೆರೆ ಬಳಿದು, ನಡುವೃತ್ತದಲ್ಲಿ ತಂಡ ಆಡುವ ಕಾಲೇಜು ಒಕ್ಕೂಟದ ಲಾಂಛನ ಬರೆದು, ಮತ್ತೆ ಪದರ ಪದರವಾಗಿ ನೀರು ಹೊಡೆಯಬೇಕು. ಅವಸರ ಮಾಡಿದರೆ ಬಣ್ಣ ಕದಡುತ್ತದೆ. ಹುಡುಗಿಯರು ಅವನನ್ನು ಮುದುಕಪ್ಪ ಎನ್ನುತ್ತಿದ್ದರು. ಅವನು ಅವರನ್ನು ಬೈಯದ ದಿನವಿರಲಿಲ್ಲ.

ಆ ಜನವರಿಯಲ್ಲಿ ಒಕ್ಕೂಟದ ಏಳು ತಂಡಗಳಲ್ಲಿ ಎರಡು ದೊಡ್ಡ ಒಕ್ಕೂಟಕ್ಕೆ ಹಾರಿದವು. ಇವರದನ್ನು ಬಿಟ್ಟು ಉಳಿದ ನಾಲ್ಕು ತಂಡಗಳು ಪಡುವಣದ ಕಾಲೇಜುಗಳ ಜೊತೆ ಹೊಸ ಗುಂಪು ಕಟ್ಟಲು ಹೊರಟು ಇವರನ್ನೂ ಕರೆದವು. ಕಾಲೇಜಿನವರಿಗೆ ದೊಡ್ಡ ಒಕ್ಕೂಟದ ಮೇಲೇ ಕಣ್ಣು. ಯಾವುದೂ ಸಿಗದಿದ್ದರೆ ಇದೇ ತಂಡದ ಕೊನೆಯ ವರ್ಷ ಎಂದು ಕೋಚ್ ಡೆನೀಸ್‌ಗೆ ಮುಖಕ್ಕೆ ಹೊಡೆದಂತೆ ಹೇಳಿದ್ದರು.

ಗುರುವಾರ ದೊಡ್ಡ ಒಕ್ಕೂಟದವರು ನೋಡಲು ಬರುತ್ತಾರೆಂದು ಸೋಮವಾರ ತಿಳಿಯಿತು. ಡೆನೀಸ್ ಊರಲ್ಲಿರಲಿಲ್ಲ. ವರ್ನ್ ಯಾರನ್ನೂ ಕೇಳಲಿಲ್ಲ. ಬಿಸಿನೀರು ಸುರಿದು ಹಳೆಯ ಲಾಂಛನವನ್ನು ಕೆರೆದು ತೆಗೆದ. ಬಿಳಿ ಬಳಿದು ಮೂರು ದಿನ ಪದರ ಕಟ್ಟಿದ.

"ಏನ್ ಮುದುಕಪ್ಪ, ಬೋಳಿಸ್ಬಿಟ್ಟೆ?" ಎಂದಳು ನಾಯಕಿ ಕಿಲೀನ್.

"ಹೆಣ್ಣು ನೋಡೋಕೆ ಬಂದೋರ ಮುಂದೆ ಹಳೇ ಗಂಡನ ಫೋಟೋ ತೂಗಾಕ್ತಾರೇನೇ? ಹೋಗಿ ಸ್ಕೇಟ್ ಕಟ್ಕೊ."

ಬಂದವರು ಮೂವರು. ವಿಮಾನ ನಿಲ್ದಾಣ ಎಷ್ಟು ದೂರ, ಕುರ್ಚಿ ಎಷ್ಟು, ಬಸ್ಸಿಗೆ ಎಷ್ಟು ಗಂಟೆ ಎಂದು ಕೇಳಿದರು. ಐಸಿನ ಕಡೆ ಒಬ್ಬನೂ ತಿರುಗಲಿಲ್ಲ. ಹತ್ತೇ ನಿಮಿಷಕ್ಕೆ ಹೊರಟುಹೋದರು, ದರಿದ್ರದವರು!

ಆ ಬಿಳಿ ನಡುವೃತ್ತವನ್ನು ನೋಡಿದವಳು ಶನಿವಾರ ಪಂದ್ಯಕ್ಕೆ ಬಂದ ಎದುರು ತಂಡದ ಕೋಚ್. ಆ ನಾಲ್ಕು ತಂಡಗಳಲ್ಲಿ ಅವಳದೂ ಒಂದು.

"ಓಹೋ, ನಮ್ಮನ್ನ ಅಳಿಸಿದ್ದೂ ಆಯ್ತಾ? ಒಂದ್ ಮಾತು ಹೇಳ್ಬಾರ್ದಿತ್ತಾ ಡೆನೀಸ್?"

ಮುಂದಿನ ವಾರ ಆ ನಾಲ್ಕು ತಂಡದವರು ಇವರನ್ನು ಬಿಟ್ಟೇ ಹೊಸ ಗುಂಪಿಗೆ ಸಹಿ ಹಾಕಿದರು. ಹತ್ತು ದಿನಕ್ಕೆ ದೊಡ್ಡ ಒಕ್ಕೂಟದಿಂದಲೂ ಕಾಗದ ಬಂತು: ದೂರ ಹೆಚ್ಚು, ಆಗುವುದಿಲ್ಲ.

ಡೆನೀಸ್ ಐಸ್ ಸಮ ಮಾಡುವ ಗಾಡಿಯ ಕೊಟ್ಟಿಗೆಗೆ ಬಂದಳು. "ಅಳಿಸು ಅಂತ ಯಾರ್ ಹೇಳಿದ್ರು ನಿಂಗೆ?"

"ಯಾರೂ ಹೇಳ್ಲಿಲ್ಲ ಕೋಚ್."

"ಅವ್ರು ನಮ್ಮನ್ನ ಬಿಡೋದಕ್ಕೆ ಅದೊಂದೇ ಕಾರಣ ಅಲ್ಲ, ವರ್ನ್."

"ಅದೂ ಒಂದು ಕಾರಣ ತಾನೇ?"

ಅವಳು ಕೈಗವಸು ಹಾಕಿಕೊಂಡು ಹೊರಟುಹೋದಳು.

ಕೊನೆಯ ಪಂದ್ಯದ ಹಿಂದಿನ ದಿನ ಕಿಲೀನ್ ಬಂದು ನಿಂತಳು. "ಹಳೇದನ್ನೇ ಬರಿ ಮುದುಕಪ್ಪ. ನಾಳೆ ಒಂದಿನಕ್ಕೆ."

"ಮೂರು ದಿನ ಬೇಕು ಕಣೇ. ಇವತ್ತು ಬಳಿದ್ರೆ ನಿಮ್ ಕಾಲಡಿ ಕದಡೋಗತ್ತೆ."

ಆ ದಿನ ಮಾತ್ರ ಅವನು ಬೈಯಲಿಲ್ಲ. ಅದಕ್ಕೇ ಅವಳಿಗೆ ಅಳು ಬಂತು.

ಪಂದ್ಯದ ಮರುದಿನ ಅವನೇ ತಂಪು ಯಂತ್ರ ಆರಿಸಿದ. ಎರಡು ದಿನದಲ್ಲಿ ಕೆಂಪು, ನೀಲಿ ಗೆರೆಗಳು ಕರಗಿ ಹರಿದವು. ನಡುವಿನ ನೀರು ಮಾತ್ರ ಸುಣ್ಣ ಕದಡಿದ ಹಾಗೆ ಬೆಳ್ಳಗಿತ್ತು. ವರ್ನ್ ಮೊಣಕಾಲುದ್ದದ ಬೂಟು ಹಾಕಿಕೊಂಡು ಇಳಿದು ಅದನ್ನೇ ಮೊದಲು ಮೋರಿಗೆ ತಳ್ಳಿದ.