ಕಾಳಾಚಾರಿಯ ತೇಗದ ಅಂಬಾಸಿಡರ್

ಬಾಗಿಲು ಯಾವಾಗ ಕೊಡ್ತೀರೆಂದು ಯಾರೇ ಕೇಳಲಿ, ಹುಣಸೂರಿನ ಬಡಗಿ ಕಾಳಾಚಾರಿಯ ಉತ್ತರ ಒಂದೇ: "ಮರ ಇನ್ನೂ ಒಣಗ್ಬೇಕು ಕಣ್ರೀ." ಗೃಹಪ್ರವೇಶ ಮುಗಿಸಿ ಬಾಗಿಲ ಜಾಗಕ್ಕೆ ಹಳೇ ಸೀರೆ ಕಟ್ಟಿಕೊಂಡವರಿಗೂ ಅದೇ ಉತ್ತರ. ಅವರು ಬೆನ್ನು ತಿರುಗಿಸಿದ್ದೇ ತಡ, ಮರದ ಹೊಟ್ಟಿನಡಿಯಿಂದ ಗೇಣುದ್ದದ ತೇಗದ ಅಂಬಾಸಿಡರ್ ಈಚೆ ಬರುತ್ತದೆ, ನಿಂತಿದ್ದ ಕೆತ್ತನೆ ಮುಂದುವರಿಯುತ್ತದೆ. "ನಮ್ ಬಚ್ಚಲಿಗೆ ಒಂದ್ ಬಾಗ್ಲಿಲ್ಲ, ಈ ಆಟದ್ ಕಾರ್ಗೆ ನಾಕ್ ಬಾಗ್ಲಾ?" ಎಂದು ಹೆಂಡತಿ ವಿಮಲಮ್ಮ ರೇಗಿದರೆ, "ಇದ್ರ ಮರ ಒಣಗೈತೆ ಕಣಮ್ಮಿ" ಎಂದು ಮೀಸೆಯಡಿ ನಗುತ್ತಾನೆ. ಇವರಿಬ್ಬರ ಮದುವೆಯ ದಿನ ಬಾಡಿಗೆ ಅಂಬಾಸಿಡರ್ ದಾರಿಯಲ್ಲಿ ಕೆಟ್ಟು ನಿಂತಾಗ ಧಾರೆ ಸೀರೆ ಎತ್ತಿ ಕಟ್ಟಿ ತಳ್ಳಿದವಳು ಅವಳು. ಪೇಟ ಬೀಳುತ್ತದೆಂದು ಈತ ಒಳಗೇ ಕುಳಿತಿದ್ದ. ಮೊನ್ನೆ ಗುಡಿಸುವಾಗ ಕಾರು ಅವಳ ಕೈಗೆ ಸಿಕ್ಕಿತು. ಹಿಂದಿನ ಸೀಟಿನಲ್ಲಿ ಕಿರುಬೆರಳಷ್ಟು ಮದುಮಗಳು ಠೀವಿಯಿಂದ ಕುಳಿತಿದ್ದಳು. ಪೇಟ ತೊಟ್ಟ ಬೊಂಬೆಯೊಂದು ಡಿಕ್ಕಿಗೆ ಹೆಗಲು ಕೊಟ್ಟು ತಳ್ಳುತ್ತಿತ್ತು. ಅಂದಿನಿಂದ ಬಾಗಿಲು ಕೇಳಿ ಬಂದವರನ್ನು "ಮರ ಒಣಗಿಲ್ಲ ಕಣ್ರೀ, ಓಗ್ಬನ್ನಿ" ಎಂದು ಸಾಗಹಾಕುವವಳು ವಿಮಲಮ್ಮನೇ.