ಗೋಡೆಯ ಮೇಲಿದ್ದ ಕಾಕಾ

ಹುಮನಾಬಾದಿನ ಬಾಡಿಗೆ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪರೀಕ್ಷೆಗೆ ಕೂತಿದ್ದೆ. ಬಸವಕಲ್ಯಾಣದ ರಸ್ತೆ ಕಾಮಗಾರಿಗೆ ಹೋಗಿಬರುವ ಬಸ್ಸಿನಲ್ಲೇ ಓದಿ ಮುಗಿಸಿದ್ದೆ. ಯಾರಾದರೂ ಅಡ್ಡ ಬಂದರೆ ಮೊದಲು ಅವರ ಜೊತೆ ಮಾತಾಡಬೇಕು ಎಂಬ ಉತ್ತರವಂತೂ ಬಾಯಿಪಾಠವಾಗಿತ್ತು.

ಶುರುವಾಗುವ ಮೊದಲು ಕ್ಯಾಮೆರಾದಲ್ಲಿ ಕೋಣೆ ನೋಡಿದ ಮೇಲ್ವಿಚಾರಕ, ಗೋಡೆಯ ಮೇಲಿನ ಫೋಟೋ ಮುಚ್ಚದಿದ್ದರೆ ಪರೀಕ್ಷೆ ರದ್ದು ಎಂದ. ಅದು ಮನೆಯೊಡತಿ ಕಾಕುವಿನ ತೀರಿಹೋದ ಗಂಡನದು. ಓದಿದ್ದೆಲ್ಲ ಮರೆತು ಟವೆಲ್ ಎತ್ತಿಕೊಂಡೆ.

ಬಾಗಿಲಲ್ಲಿದ್ದ ಕಾಕು ಸಿಡುಕಿದರು. "ಅವರ ಮಾರಿ ಯಾಕ ಮುಚ್ಚಾಕತ್ತೀ ಯವ್ವಾ?"

"ಕೋಣ್ಯಾಗ ಬ್ಯಾರೆ ಯಾರೂ ಇರಬಾರದಂತ್ರಿ ಕಾಕು. ಉತ್ತರ ಹೇಳಿಕೊಡ್ತಾರಂತ ಅನುಮಾನ."

"ಇವರೇನ್ ಹೇಳ್ತಾರ? ಬದುಕಿದ್ದಾಗ್ಲೂ ಕೇಳಿದ್ದಕ್ಕ ಜವಾಬ್ ಕೊಟ್ಟವರಲ್ಲ."

ಆಗ ಬಾಯಿಪಾಠ ಮಾಡಿದ್ದ ಉತ್ತರ ನೆನಪಾಯಿತು. "ಹಂಗಾರ ಏನ್ ಮಾಡೂಣ್ರಿ?" ಎಂದು ಕೇಳಿದೆ.

ಕಾಕು ತಾವೇ ಫೋಟೋ ಇಳಿಸಿ, ಸೆರಗಿನಿಂದ ಒರೆಸಿದರು. "ನಡೀರಿ, ಒಳಗ ಚಾ ಕುಡಿಯೂಣು" ಎಂದು ಫೋಟೋಗೆ ಹೇಳಿ, ಅದನ್ನು ಎದೆಗವಚಿಕೊಂಡು ಅಡುಗೆಮನೆಗೆ ಹೋದರು.

ಪಾಸಾದೆ. ಪೇಢೆ ತಂದರೆ ಕಾಕು ಮೊದಲನೆಯದನ್ನು ಗಂಡನ ಮುಂದೆ ಇಟ್ಟರು.

"ಅಡಗಿಮನ್ಯಾಗ ನನ್ನ ಜೋಡಿ ಅಷ್ಟೊತ್ತು ಕುಂತಿದ್ದು, ಲಗ್ನ ಆದಾಗಿಂದ ಇದೇ ಮೊದಲು."