ಹುಳ ಮುಟ್ಟದ ಹಸಿರಿನ ಜೊತೆ ಇಪ್ಪತ್ತಾರು ವರ್ಷ

ಬೆಳಗ್ಗೆ ಆರೂಕಾಲು. ವಸ್ತುಸಂಗ್ರಹಾಲಯದ ಹಿಂಬದಿಯ ಕೋಣೆಗೆ ಒಂದೇ ಒಂದು ಕಿಟಕಿ, ಅದೂ ಪೂರ್ವಕ್ಕೆ. ಕಿಟಕಿಯ ಕೆಳಗಿನ ಮೇಜಿನ ಮೇಲೆ ಹಾವೊಂದು ಹೆಡೆ ಎತ್ತಿದೆ. ಅದನ್ನು ಬರೆದ ಚಿತ್ರಕಾರ ಮಣ್ಣಾಗಿ ಇನ್ನೂರು ವರ್ಷ ಕಳೆದಿದೆ, ಹೆಡೆ ಮಾತ್ರ ಇನ್ನೂ ಇಳಿದಿಲ್ಲ. ಬೂದು ನಿಲುವಂಗಿ, ಮಾಸ್ಕ್, ತೆಳುವಾದ ಗ್ಲೌಸ್ ತೊಟ್ಟ ಐವತ್ತೆಂಟು ವರ್ಷದ ಹೆಂಗಸೊಬ್ಬರು ಮೇಜಿನ ಮಟ್ಟಕ್ಕೆ ಬಗ್ಗಿ, ಒಂದು ಕಣ್ಣು ಮುಚ್ಚಿ ಅದನ್ನು ನೋಡುತ್ತಿದ್ದಾರೆ. ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಬಾಗಿಲಲ್ಲೇ ನಿಂತಿದ್ದೇನೆ. ಒಳಗೆ ಬನ್ನಿ ಎಂದು ಅವರು ಕರೆದಿಲ್ಲ, ನುಗ್ಗುವ ಧೈರ್ಯ ನನಗೂ ಇಲ್ಲ.

"ಹಾವಿಗೆ ಹೆದರಬೇಡಿ, ಅದು ಕಚ್ಚಲ್ಲ. ಅದು ಮಲಗಿರೋ ಎಲೆ ಇದೆಯಲ್ಲ, ಆ ಹಸಿರು, ಅದಕ್ಕೆ ಹೆದರಿ" ಎನ್ನುತ್ತಾರೆ ಅವರು, ತಲೆ ಎತ್ತದೆ.

ಹಸಿರಿನಲ್ಲಿ ಇರುವುದು ಪಾಷಾಣ, ಅಂದರೆ ಆರ್ಸೆನಿಕ್. ಪಕ್ಕದ ಹೂವಿನ ಹೊಳೆಯುವ ಹಳದಿ ಹರಿತಾಳ, ಅದೂ ಪಾಷಾಣದ ಬಳಗವೇ. ಹಾವಿನ ನಾಲಗೆಯ ಕೆಂಪಿನಲ್ಲಿ ಪಾದರಸ, ಹಲ್ಲಿನ ಬಿಳಿಯಲ್ಲಿ ಸೀಸ. ವಿಷದ ಗಿಡ, ವಿಷದ ಜಂತುಗಳ ಚಿತ್ರ ಬರೆಯಲು ಕೂತ ಆ ಕಾಲದವರು ಬಣ್ಣವನ್ನೂ ವಿಷದಲ್ಲೇ ಅರೆದರು. ಬೇಕೆಂದೇ ಮಾಡಿದ್ದಲ್ಲ, ಚೆನ್ನಾಗಿ ಕಾಣುವ ಬಣ್ಣಗಳು ಆಗ ಅವೇ ಆಗಿದ್ದವು. ಈ ಕೋಣೆಯಲ್ಲಿ ಅಂಥ ಇನ್ನೂರಾ ಹನ್ನೆರಡು ಚಿತ್ರಗಳಿವೆ. ಕಣಗಿಲೆ, ದತ್ತೂರಿ, ಗುಲಗಂಜಿ, ಹರಳು ಗಿಡ, ಚೇಳು, ಜೇಡ, ಬೆನ್ನು ತುಂಬ ಗಂಟುಗಳಿರುವ ಒಂದು ಕಪ್ಪೆ. ಇವುಗಳ ಮೇಲಿನ ಧೂಳು ತೆಗೆಯುವುದು ಈ ಹೆಂಗಸಿನ ಕೆಲಸ. ಇಪ್ಪತ್ತಾರು ವರ್ಷದಿಂದ, ಒಬ್ಬರೇ.

ಸಂಗ್ರಹಾಲಯದಲ್ಲಿ ಎಲ್ಲರೂ ಅವರನ್ನು ಕರೆಯುವುದು 'ಪಾಷಾಣಕ್ಕ' ಎಂದು. ಈ ಅಡ್ಡಹೆಸರು ಇಟ್ಟ ಗೇಟಿನ ಕಾವಲುಗಾರ ನನಗೆ ಮೊದಲ ದಿನವೇ ಎಚ್ಚರಿಕೆ ಹೇಳಿದ್ದ: "ಮಾತಾಡಿ ಸಾಕು, ಕೈಕುಲುಕೋಕೆ ಹೋಗಬೇಡಿ." ಹೇಳಿ ತಾನೇ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಬೆಳಗಿನ ಜಾವವೇ ಯಾಕೆ ಎಂದು ಕೇಳಿದೆ. ಅವರು ನನ್ನ ಕಡೆ ತಿರುಗದೆ ಕೈಸನ್ನೆ ಮಾಡಿ ಬಗ್ಗಲು ಹೇಳಿದರು. ಬಗ್ಗಿದೆ. ಎಳೆ ಬಿಸಿಲು ಚಿತ್ರದ ಮೇಲೆ ಅಡ್ಡಡ್ಡ ಬೀಳುತ್ತಿತ್ತು. ನೇರ ಬೆಳಕಿನಲ್ಲಿ ನುಣ್ಣಗೆ ಕಂಡಿದ್ದ ಎಲೆಯ ಮೇಲೆ ಈಗ ನೂರಾರು ಸಣ್ಣ ನೆರಳುಗಳು. ಎದ್ದು ನಿಂತ ಬಣ್ಣದ ಹಕ್ಕಳೆ ಒಂದೊಂದಕ್ಕೂ ಒಂದೊಂದು ನೆರಳು. "ಈ ಬಿಸಿಲು ಇರೋದು ಮುಕ್ಕಾಲು ಗಂಟೆ. ಆಮೇಲೆ ಮೇಲಿನ ಮಹಡಿಗೆ ಗುಡಿಸೋ ಜನ ಬರ್ತಾರೆ, ನೆಲ ಅದುರುತ್ತೆ. ನಾಜೂಕಿನ ಜಾಗ ಅಷ್ಟರಲ್ಲಿ ಮುಗಿಸಬೇಕು, ಉಳಿದಿದ್ದು ಆಮೇಲೆ." ಆಡಿನ ಕೂದಲಿನ ಕುಂಚದಿಂದ ಅವರು ಧೂಳನ್ನು ಗುಡಿಸುವುದಿಲ್ಲ, ಪುಸಲಾಯಿಸುತ್ತಾರೆ. ಬಿದ್ದ ಧೂಳನ್ನೂ ಎಸೆಯುವಂತಿಲ್ಲ. ಅದರೊಳಗೆ ಚಿತ್ರದ ಚೂರು ಇರಬಹುದು. ಪ್ರತಿ ಚಿತ್ರದ ಧೂಳಿಗೂ ಒಂದು ಕಾಗದದ ಪೊಟ್ಟಣ, ಪೊಟ್ಟಣದ ಮೇಲೆ ಚಿತ್ರದ ಸಂಖ್ಯೆ, ದಿನಾಂಕ.

ದಿನಕ್ಕೆ ಆರು ಚಿತ್ರ. ನಾಲ್ಕು ಜೊತೆ ಗ್ಲೌಸ್. ಕೈ ತೊಳೆಯುವುದು ಹತ್ತೊಂಬತ್ತು ಬಾರಿ, ನಾನೇ ಎಣಿಸಿದ್ದೇನೆ. ಮಾತಾಡುವುದು? "ಒಬ್ಬರೂ ಬರದ ದಿನ ಆ ಕಪ್ಪೆ ಹತ್ತಿರ ಎರಡು ಮಾತು ಆಡ್ತೀನಿ. ಅದು ಎದುರು ಮಾತಾಡಲ್ಲ."

ಹನ್ನೊಂದಕ್ಕೆ ಚಹಾದ ಬಿಡುವು. ಸಿಬ್ಬಂದಿಯೆಲ್ಲ ಮುಂಬಾಗಿಲ ಬಳಿ ಉದ್ದನೆಯ ಬೆಂಚಿನಲ್ಲಿ ಕೂತು ಹರಟುತ್ತಾರೆ. ಪಾಷಾಣಕ್ಕ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, ಕೊಕ್ಕೆಗೆ ಬೇರೆಯಾಗಿ ನೇತುಹಾಕಿದ ತಮ್ಮ ಲೋಟದಲ್ಲಿ ಕುಡಿಯುತ್ತಾರೆ. ಹಾಗೆಂದು ಯಾರೂ ಹೇಳಿಲ್ಲವಂತೆ, ತಾವಾಗಿಯೇ ದೂರ ಕೂತರಂತೆ. ಬಾ ಎಂದು ಯಾರೂ ಕರೆಯಲೂ ಇಲ್ಲ. ಸೋಮವಾರ ನನಗೊಂದು ಬಿಸ್ಕತ್ತು ಚಾಚಿದರು. ನನ್ನ ಕೈ ಒಂದು ಕ್ಷಣ ತಡೆಯಿತು. ಅವರು ಅದನ್ನು ಕಂಡರು, ಕಂಡೂ ಕಾಣದವರಂತೆ ಪೊಟ್ಟಣವನ್ನೇ ಮೆಟ್ಟಿಲ ಮೇಲಿಟ್ಟು "ಅಲ್ಲಿಂದ ತಗೊಳ್ಳಿ" ಎಂದರು. ಇಷ್ಟು ಅಳುಕಿನ ನಾನು ಇವರ ಬಗ್ಗೆ ಬರೆಯಲು ಬಂದಿದ್ದೇನೆ.

ಕೋಣೆಯಲ್ಲಿ ಅವರಿಗೆ ತುಂಬ ಇಷ್ಟವಾದ ಚಿತ್ರ ಹಾವಿನದಲ್ಲ, ಹೂವಿನದಲ್ಲ. ಅದೊಂದು ಅರಮನೆಯ ಊಟದ ಚಿತ್ರ. ರಾಜ, ರಾಣಿ, ಮಂತ್ರಿ, ಅತಿಥಿಗಳು ಎಲ್ಲರೂ ನಿಂತಿದ್ದಾರೆ. ಕೂತಿರುವವನು ಒಬ್ಬನೇ: ರಾಜನಿಗಿಂತ ಮುಂಚೆ ರುಚಿ ನೋಡುವ ಆಳು. ಮುಂದೆ ತುಂಬಿದ ತಟ್ಟೆ, ಬಾಯಲ್ಲಿ ತುತ್ತು. "ನೋಡಿ, ಊಟ ಎಷ್ಟು ಭರ್ಜರಿ! ಆದ್ರೆ ಜೊತೆಗೆ ಕೂರೋರು ಯಾರೂ ಇಲ್ಲ. ಎಲ್ಲರೂ ಇವನ ಗಂಟಲು ನೋಡ್ತಿದಾರೆ." ಆಮೇಲೆ ಸೇರಿಸುತ್ತಾರೆ: "ನನ್ನ ಮಗಳೂ ಹೀಗೇ ನೋಡ್ತಾಳೆ. ಅವಳದೇನೂ ತಪ್ಪಿಲ್ಲ."

ಮಗಳ ಕಥೆಗೆ ಬರುವ ಮುಂಚೆ ಗಂಡನ ವಿಷಯ ಹೇಳಬೇಕು. ಅವರು ಇದೇ ಸಂಗ್ರಹಾಲಯದಲ್ಲಿ ಚೌಕಟ್ಟು ಮಾಡುವ ಬಡಗಿಯಾಗಿದ್ದರು. ಹೆಂಡತಿಗೆ ಇಲ್ಲಿ ಕೆಲಸ ಕೊಡಿಸಿದವರೂ ಅವರೇ. "ಪಟ ಎತ್ತುವಾಗ ಎರಡೂ ಅಂಗೈ ಅಡಿಯಲ್ಲಿರಬೇಕು, ಹೆಬ್ಬೆರಳು ಮುಖದ ಮೇಲೆ ಬರಬಾರದು ಅಂತ ಮೊದಲ ದಿನ ಹೇಳಿಕೊಟ್ರು. ಮನೇಲಿ ಖಾಲಿ ತಟ್ಟೆ ಕೊಟ್ಟು ಅಭ್ಯಾಸ ಮಾಡಿಸಿದ್ರು." ಹೃದಯದ ಕಾಯಿಲೆಯಿಂದ ಅವರು ಹೋಗಿ ಒಂಬತ್ತು ವರ್ಷ. ಇಂದಿಗೂ ಈ ಹೆಂಗಸು ತಟ್ಟೆಯನ್ನು ಹಾಗೆಯೇ ಎತ್ತುತ್ತಾರೆ.

ಇನ್ನು ಮಗಳ ಕಥೆ, ಇವರು ಮಾಡಿದ ಒಂದು ತಪ್ಪು. ಇಪ್ಪತ್ತೊಂದು ವರ್ಷದ ಹಿಂದೆ ಒಂದು ದಿನ ಸಂಗ್ರಹಾಲಯದ ನಲ್ಲಿಯಲ್ಲಿ ನೀರು ಬರಲಿಲ್ಲ. ತೊಳೆಯದೆ ಬಿಟ್ಟರೆ ಕುಂಚದ ಕೂದಲು ಸೆಟೆದುಕೊಂಡು ಮಾರನೆಯ ದಿನ ಬಣ್ಣವನ್ನು ಗೀರುತ್ತದೆ. ಚಿತ್ರಕ್ಕೆ ಗಾಯವಾಗಬಾರದೆಂದು ಇವರು ಕುಂಚವನ್ನು ಕಾಗದದಲ್ಲಿ ಸುತ್ತಿ ಮನೆಗೆ ಒಯ್ದರು. ಬಚ್ಚಲಲ್ಲಿಟ್ಟು, ಒಲೆಯ ಮೇಲಿದ್ದ ಹಾಲು ಇಳಿಸಲು ಹೋದರು. ಮಗಳಿಗೆ ಆಗ ಏಳು ವರ್ಷ, ಚಿತ್ರ ಬರೆಯುವ ಹುಚ್ಚು. ಒಳ್ಳೆಯ ಕುಂಚ ಸಿಕ್ಕಿತಲ್ಲ ಎಂದು ಎತ್ತಿಕೊಂಡು, ಮೊನೆ ಚೂಪಾಗಲೆಂದು ತುಟಿಗಿಟ್ಟು ಚೀಪಿದಳು. ಹಳೆಯ ಕಾಲದ ಚಿತ್ರಕಾರರೂ ಹೀಗೇ ಮಾಡುತ್ತಿದ್ದರಂತೆ. ಅದನ್ನು ಮಗಳಿಗೆ ಕಥೆಯಾಗಿ ಹೇಳಿದವರೂ ಇವರೇ.

"ಎರಡು ದಿನ ವಾಂತಿ. ಮೂರನೇ ದಿನ ಕಣ್ಣು ಬಿಟ್ಟಳು. ಅವತ್ತಿನಿಂದ ನಾನು ಮುಟ್ಟಿದ್ದನ್ನ ಅವಳು ಮತ್ತೊಂದು ಸಲ ತೊಳೀತಾಳೆ. ಜಗಳ ಇಲ್ಲ, ಮುನಿಸಿಲ್ಲ, ಪಾಪ. ತೊಳೀತಾಳೆ, ಅಷ್ಟೇ."

ಕೆಲಸ ಬಿಡಬಹುದಿತ್ತಲ್ಲ ಎಂದೆ. ಬಿಟ್ಟಿದ್ದರಂತೆ, ಹನ್ನೊಂದು ದಿನ. ಅವರ ಜಾಗಕ್ಕೆ ಬಂದವನು ಒದ್ದೆ ಬಟ್ಟೆಯಿಂದ ಒರೆಸಿ, ದತ್ತೂರಿ ಹೂವೊಂದನ್ನು ಇರಲೇ ಇಲ್ಲವೆನ್ನುವಂತೆ ಅಳಿಸಿಬಿಟ್ಟ. ಸುದ್ದಿ ಕೇಳಿ ಇವರು ಹನ್ನೆರಡನೆಯ ದಿನ ಹಿಂದಕ್ಕೆ ಬಂದರು. ಆ ಖಾಲಿ ಹಾಳೆ ಈಗಲೂ ಇದೆ. ಅದರ ಧೂಳನ್ನೂ ತೆಗೆಯುತ್ತಾರೆ, ಪೊಟ್ಟಣವನ್ನೂ ಕಟ್ಟುತ್ತಾರೆ.

ಇವರಿಗೆ ಓದು ಹೆಚ್ಚಿಲ್ಲ, ಕಣ್ಣು ಮಾತ್ರ ಭಾರಿ ಚುರುಕು. ಮೂರು ವರ್ಷದ ಹಿಂದಿನ ಮಾತು. ಹಳದಿ ಹೂವಿನ ಹತ್ತು ಹಾಳೆಗಳನ್ನು ಶಾಲಾ ಮಕ್ಕಳಿಗೆ ಮುಟ್ಟಿ ನೋಡಲು ಕೊಡಬಹುದು, ಅದು ಬೇರಿನಿಂದ ತೆಗೆದ ಬಣ್ಣ ಎಂದು ಮೇಲಿನ ಮಹಡಿಯ ಅಧಿಕಾರಿಗಳು ತೀರ್ಮಾನಿಸಿದ್ದರು. ಪಾಷಾಣಕ್ಕ ಅಡ್ಡ ನಿಂತರು. "ಸರ್, ಹಾಳೆಯ ಅಂಚನ್ನೆಲ್ಲ ಹುಳ ತಿಂದಿದೆ. ಹೂವಿನ ಸುತ್ತ ಬಂದು ತಿರುಗಿ ಹೋಗಿದೆ. ಹುಳ ಬೇಡ ಅಂದಿದ್ದನ್ನ ಮಕ್ಕಳ ಕೈಗೆ ಕೊಡ್ತೀರಾ?" ಪರೀಕ್ಷೆ ಮಾಡಿಸಿದರೆ ಅಪ್ಪಟ ಹರಿತಾಳ. ಆ ವರ್ಷದ ವರದಿಯಲ್ಲಿ 'ನಮ್ಮ ತಜ್ಞರು ಪತ್ತೆಹಚ್ಚಿದರು' ಎಂದು ಅಚ್ಚಾಯಿತು. ಇದನ್ನು ನನಗೆ ಹೇಳಿದ್ದು ಅವರಲ್ಲ, ಅದೇ ಕಾವಲುಗಾರ. ಅವರನ್ನು ಕೇಳಿದರೆ "ಪತ್ತೆ ಹಚ್ಚಿದ್ದು ಹುಳ ಅಲ್ವಾ" ಎಂದು ಮಾತು ಮುಗಿಸಿದರು.

ಮಗಳೀಗ ಎರಡು ಬೀದಿಯಾಚೆ ಇದ್ದಾಳೆ, ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಅವಳಿಗೊಂದು ಹೆಣ್ಣು ಮಗು, ಆರು ತಿಂಗಳು. ಅಜ್ಜಿ ದಿನವೂ ಸಂಜೆ ಸ್ನಾನ ಮಾಡಿ, ಬಟ್ಟೆ ಬದಲಿಸಿ ಹೋಗುತ್ತಾರೆ. ಬಾಗಿಲ ಪಕ್ಕ ಅವರಿಗೊಂದು ಕುರ್ಚಿ, ಎದುರಿನ ಗೋಡೆಗೆ ತೊಟ್ಟಿಲು. "ನಡುವೆ ಐದು ಹೆಜ್ಜೆ. ನನ್ನ ನೋಡಿ ಕೇಕೆ ಹಾಕುತ್ತೆ, ಕೈ ಚಾಚುತ್ತೆ. ನಾನು ಇಲ್ಲಿಂದಲೇ ಚಪ್ಪಾಳೆ ತಟ್ತೀನಿ." ಆರು ತಿಂಗಳಲ್ಲಿ ಒಮ್ಮೆಯೂ ಅವರು ಮೊಮ್ಮಗಳನ್ನು ಎತ್ತಿಕೊಂಡಿಲ್ಲ. ಇದನ್ನು ಹೇಳುವಾಗ ಅವರ ದನಿ ಒಡೆಯುವುದಿಲ್ಲ.

ಮೂರು ವಾರದ ಹಿಂದೆ ಅವರು ತಾವಾಗಿಯೇ ಡಾಕ್ಟರ ಬಳಿ ಹೋಗಿದ್ದಾರೆ. ಮೈಯಲ್ಲಿ ಪಾಷಾಣ ಸೇರಿದ್ದರೆ ಉಗುರಿನಲ್ಲಿ ಗೊತ್ತಾಗುತ್ತದಂತೆ. ಹತ್ತೂ ಬೆರಳಿನ ಉಗುರು ಕತ್ತರಿಸಿ, ಧೂಳಿನ ಪೊಟ್ಟಣ ಕಟ್ಟುವ ಹಾಗೆಯೇ ಕಟ್ಟಿ, ಮೇಲೆ ದಿನಾಂಕ ಬರೆದುಕೊಟ್ಟರಂತೆ. ಚಿತ್ರದ ಸಂಖ್ಯೆ ಬರೆಯುವ ಜಾಗದಲ್ಲಿ ಒಂದು ಕ್ಷಣ ಕೈ ನಿಂತು, ಆಮೇಲೆ ತಮ್ಮ ಹೆಸರು ಬರೆದರಂತೆ. ಶುಕ್ರವಾರ ವರದಿ. ವರದಿ ಚೆನ್ನಾಗಿ ಬಂದರೆ ಮಗು ಅಜ್ಜಿಯ ಕೈಗೆ. ಇಲ್ಲದಿದ್ದರೆ ಕುರ್ಚಿ ಇದ್ದಲ್ಲೇ ಇರುತ್ತದೆ. ಅಮ್ಮ ಮಗಳ ನಡುವೆ ಆಗಿರುವ ಮಾತು ಇಷ್ಟೇ.

ಶುಕ್ರವಾರ ಲಕೋಟೆ ಸಂಗ್ರಹಾಲಯದ ವಿಳಾಸಕ್ಕೇ ಬರುತ್ತದೆ. ಕಾವಲುಗಾರ ತಂದು, ಎಂದಿನಂತೆ ಹೊಸಿಲ ಮೇಲಿಟ್ಟು ಹೋಗದೆ, ಬಾಗಿಲಲ್ಲಿ ನಿಂತೇ ಇರುತ್ತಾನೆ. ಅವನ ಮುಖದಲ್ಲಿ ಇವತ್ತು ನಗು ಇಲ್ಲ. ಪಾಷಾಣಕ್ಕ ಗ್ಲೌಸ್ ತೆಗೆದು, ಕೈ ತೊಳೆದು, ಹಾಳೆ ಬಿಡಿಸುವ ಚಪ್ಪಟೆ ಚಾಕುವಿನಿಂದ ಲಕೋಟೆಯ ಅಂಟು ಬಿಡಿಸುತ್ತಾರೆ, ಚೂರೂ ಹರಿಯದ ಹಾಗೆ. ಓದುತ್ತಾರೆ. ಮಡಚುತ್ತಾರೆ. ಅಂದಿನ ಆರನೆಯ ಚಿತ್ರ ಚೇಳಿನದು, ಅರ್ಧಕ್ಕೆ ನಿಂತಿದೆ. ಅದನ್ನು ಮುಗಿಸಿ, ಪೊಟ್ಟಣ ಕಟ್ಟಿದ ಮೇಲೆಯೇ ಬಾಯಿ ಬಿಡುತ್ತಾರೆ.

"ಎಲ್ಲರಿಗೂ ಇರೋಷ್ಟೇ ಇದೆಯಂತೆ. ಎಲ್ಲರ ಮೈಲೂ ಒಂದು ಚೂರು ಇರುತ್ತಂತೆ, ಗೊತ್ತಿತ್ತಾ ನಿಮಗೆ?"

ನನಗೆ ಗೊತ್ತಿರಲಿಲ್ಲ. ಕಾವಲುಗಾರ ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾನೆ. ಚಹಾದ ಬಿಡುವಿನಲ್ಲಿ ನಾನು ಮೆಟ್ಟಿಲ ಬಳಿ ಹೋಗಿ ಬಿಸ್ಕತ್ತಿಗೆ ಕೈಚಾಚುತ್ತೇನೆ. ಅವರು ಅಭ್ಯಾಸಬಲದಿಂದ ಪೊಟ್ಟಣವನ್ನು ಕೆಳಗಿಡಲು ಹೋಗುತ್ತಾರೆ. "ಕೈಗೇ ಕೊಡಿ" ಎನ್ನುತ್ತೇನೆ. ನಾಲ್ಕು ದಿನ ತಡವಾಗಿ.

ಸಂಜೆ ಅವರೊಂದಿಗೆ ಮಗಳ ಮನೆಗೆ ನಾನೂ ಹೋಗಿದ್ದೇನೆ. ಹೊಲಿಗೆ ಯಂತ್ರ, ಬಟ್ಟೆಯ ಚೂರುಗಳು, ಬಾಗಿಲ ಪಕ್ಕದ ಆ ಕುರ್ಚಿ. ಮಗಳು ನಿಂತೇ ವರದಿ ಓದುತ್ತಾಳೆ, ಇನ್ನೊಮ್ಮೆ ಓದುತ್ತಾಳೆ. ಅಷ್ಟರಲ್ಲಿ ಅಮ್ಮ ಬಚ್ಚಲಿಗೆ ಹೋಗಿಯಾಗಿದೆ. ನೀರಿನ ಸದ್ದು ನಿಲ್ಲುತ್ತದೆ, ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ, ಮತ್ತೆ ಶುರು.

"ಅಮ್ಮಾ, ಸಾಕು ಬಾ. ಚರ್ಮ ಕಿತ್ತು ಬರುತ್ತೆ."

ಮಗಳು ಮಗುವನ್ನು ಎತ್ತಿ ಚಾಚುತ್ತಾಳೆ. ಅಜ್ಜಿ ಎರಡೂ ಅಂಗೈಗಳನ್ನು ಅಡಿಯಲ್ಲಿಟ್ಟು, ಹೆಬ್ಬೆರಳುಗಳನ್ನು ಆಚೆಗೆ ಮಡಚಿ, ಉಸಿರು ಬಿಗಿಹಿಡಿದು ನಿಂತುಬಿಡುತ್ತಾರೆ.

"ಪಟ ಅಲ್ಲಮ್ಮ ಅದು, ಗಟ್ಟಿಯಾಗಿ ಹಿಡ್ಕೊ" ಎನ್ನುತ್ತಾಳೆ ಮಗಳು. ನಗಲು ಹೋದವಳ ಕಣ್ಣು ತುಂಬಿದೆ.

ಅವರು ಎದೆಗವಚಿಕೊಳ್ಳುತ್ತಾರೆ. ಮಗು ಸುಮ್ಮನಿರುತ್ತದೆಯೇ? ಅಜ್ಜಿಯ ತೋರುಬೆರಳನ್ನು ಹಿಡಿದೆಳೆದು ಸೀದಾ ಬಾಯಿಗೆ ಹಾಕಿಕೊಳ್ಳುತ್ತದೆ. ಅಜ್ಜಿಯ ಮುಖ ಬಿಳಿಚುತ್ತದೆ. ಬೆರಳನ್ನು ಎಳೆದುಕೊಳ್ಳಲೂ ಆಗದೆ, ಬಿಡಲೂ ಆಗದೆ ಮಗಳ ಕಡೆ ನೋಡುತ್ತಾರೆ. ಮಗಳ ಕೈ ತಟ್ಟನೆ ಮುಂದೆ ಬಂದು ಅರ್ಧದಲ್ಲೇ ನಿಲ್ಲುತ್ತದೆ. ಆಮೇಲೆ ಇಳಿಯುತ್ತದೆ.

"ಇರಲಿ ಬಿಡಮ್ಮ" ಎನ್ನುತ್ತಾಳೆ.

ಮಗು ಬೆರಳನ್ನು ಚೀಪುತ್ತಿದೆ. ಇಪ್ಪತ್ತಾರು ವರ್ಷ ಗ್ಲೌಸಿನೊಳಗೇ ಇದ್ದ ಬೆರಳು ಅದು. ಅಜ್ಜಿ ಒಂದು ಕಣ್ಣು ಮುಚ್ಚಿ, ತಲೆ ವಾಲಿಸಿ, ಬೆಳಗಿನ ಆ ಮೇಜಿನ ಮುಂದೆ ಕಂಡಷ್ಟೇ ಗಮನದಿಂದ ಏನನ್ನೋ ಹುಡುಕುತ್ತಿದ್ದಾರೆ.

"ಇಲ್ಲಿ ನೋಡೇ, ಕೆಳಗಡೆ" ಎನ್ನುತ್ತಾರೆ ಮಗಳಿಗೆ. "ಹಲ್ಲು ಬರ್ತಿದೆ ಇವಳಿಗೆ."